18ನೇ ಶತಮಾನದ ಇಂಗ್ಲೆಂಡಿನಲ್ಲಿ ಗಣಿಯಿದ್ದ ಜಮೀನನ್ನು ಒಡೆಯರು ಹೇಗೆ ನಡೆಸುತ್ತಿದ್ದರು?

ಇಂಗ್ಲೆಂಡಿನಲ್ಲಿ ಚಿನ್ನ, ಬೆಳ್ಳಿಯ ಗಣಿಗಳು ರಾಜನ ಸೊತ್ತು. ಕಲ್ಲಿದ್ದಲಾದರೋ ಸಾಮಾನ್ಯವಾಗಿ ನೆಲದ ಒಡೆಯನದೇ. ಹಲವರು ಗಣಿಯನ್ನು ಗುತ್ತಿಗೆಗೆ ಕೊಟ್ಟು, ತೆಗೆದ ಕಲ್ಲಿದ್ದಲಿಗೆ ಇಷ್ಟು ಎಂದು ರಾಜಧನ (ರಾಯಲ್ಟಿ) ಪಡೆದು ನೆಮ್ಮದಿಯಾಗಿರುತ್ತಿದ್ದರು. ತಾವೇ ನಡೆಸಿದವರೂ ಇದ್ದರು. ಅಂಥ ಗಣಿಗಳಲ್ಲಿ ನನ್ನನ್ನು ಬೆರಗುಗೊಳಿಸುವುದು ಮ್ಯಾಂಚೆಸ್ಟರ್ ಬಳಿಯ ವರ್ಸ್ಲಿಯದು.

ಅದರ ಒಡೆಯ ಬ್ರಿಡ್ಜ್‌ವಾಟರ್‌ನ ಡ್ಯೂಕ್ ಫ್ರಾನ್ಸಿಸ್ ಎಗರ್ಟನ್. ಪಾರುಪತ್ಯ ಜಾನ್ ಗಿಲ್ಬರ್ಟ್‌ನದು. ಅವರಿಗಿದ್ದ ತಲೆನೋವು ಎರಡು: ಗಣಿಯೊಳಗೆ ನೀರು ತುಂಬುತ್ತಿತ್ತು, ಕೆಟ್ಟ ದಾರಿಯಲ್ಲಿ ಕುದುರೆಗಳ ಮೇಲೆ ಕಲ್ಲಿದ್ದಲು ಹೊರಿಸಿದರೆ ಸಾಗಣೆಯ ಖರ್ಚು ಮಿತಿಮೀರುತ್ತಿತ್ತು. ಎರಡಕ್ಕೂ ಒಂದೇ ಪರಿಹಾರ ಸಿಕ್ಕಿತು. ದೋಣಿ ಸಾಗುವ ಕಾಲುವೆಯೊಂದನ್ನು ಗುಡ್ಡದೊಳಗಿನ ಗಣಿಯವರೆಗೇ ಕೊರೆದರು. ಬಸಿದು ಬಂದ ನೀರೇ ಕಾಲುವೆಗೆ ನೀರಾಯಿತು. ಕಿರಿದಾದ ದೋಣಿಗಳು ಸುರಂಗದೊಳಗೇ ಕಲ್ಲಿದ್ದಲು ತುಂಬಿಕೊಂಡು ಬರುತ್ತಿದ್ದವು. ಹಸಿದ ದನದ ಪಕ್ಕೆಲುಬಿನಂತೆ ಅವುಗಳ ಒಳಪಟ್ಟಿಗಳು ಎದ್ದು ಕಾಣುತ್ತಿದ್ದವು. 1761ರಲ್ಲಿ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿಯ ಮೇಲ್ಗಾಲುವೆ (ಸೇತುವೆಯ ಮೇಲೆ ಸಾಗುವ ಕಾಲುವೆ) ಬಾರ್ಟನ್‌ನಲ್ಲಿ ಇರ್ವೆಲ್ ನದಿಯನ್ನೇ ದಾಟಿತು. ಮ್ಯಾಂಚೆಸ್ಟರ್‌ನಲ್ಲಿ ಕಲ್ಲಿದ್ದಲಿನ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು.

ಇದಕ್ಕಾಗಿ ಡ್ಯೂಕ್ ದೊಡ್ಡ ಸಾಲ ಮಾಡಿದ, ಮನೆಯ ಖರ್ಚನ್ನು ಬಿಗಿಹಿಡಿದ. ಆದರೆ ಈ ಕಥೆಯನ್ನು ಒಡೆಯನ ಜಾಣತನಕ್ಕೇ ನಿಲ್ಲಿಸುವುದು ಅನ್ಯಾಯ: ಆ ಕತ್ತಲಲ್ಲಿ ಕಲ್ಲಿದ್ದಲು ಕಡಿದು, ಎಳೆದು, ದೋಣಿಗೆ ತುಂಬಿದವರು ಕೂಲಿಯವರು, ಅವರಲ್ಲಿ ಮಕ್ಕಳೂ ಇದ್ದರು. ಗಣಿಯ ಕಬ್ಬಿಣದ ಅಂಶ ಬೆರೆತು ವರ್ಸ್ಲಿಯ ಕಾಲುವೆಯ ನೀರು ನಮ್ಮ ಕಾಲದಲ್ಲೂ ಕಿತ್ತಳೆ ಬಣ್ಣಕ್ಕೆ ತಿರುಗಿದ್ದುಂಟು.