ಕಾಪಿ ಬರೆಯಲಾಗದ ಮಗ ಸೋಮಾರಿಯೇ?

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಅವನಿಗೆ ಅಲ್ಪ ಪ್ರಮಾಣದ ಬೌದ್ಧಿಕ ಅಸಾಮರ್ಥ್ಯವಿದೆಯೆಂದು ವೈದ್ಯರು ತಿಳಿಸಿದ್ದಾರೆ. ಹೇಳಿದ್ದು ಅರ್ಥವಾಗುತ್ತದೆ, ಆದರೆ ನೋಡಿಕೊಂಡು ಬರೆಯಲು ಆಗುವುದಿಲ್ಲ, ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳಲಾರ. ಅತ್ತೆಯವರು ಸೋಮಾರಿತನ ಎನ್ನುತ್ತಾರೆ. ದಿನವೂ ಸಂಜೆ ಕಾಪಿ ಬರೆಸುತ್ತೇನೆ. ಕೊನೆಗೆ ಇಬ್ಬರೂ ಅಳುತ್ತೇವೆ. ನಿಲ್ಲಿಸಿದರೆ ಅವನ ಕೈಬಿಟ್ಟಂತಾಗುವುದೇ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಸಹೋದರಿ, ಸದ್ಯಕ್ಕೆ ನಿಲ್ಲಿಸಿ. ಅದರಿಂದ ಅವನ ಕೈಬಿಟ್ಟಂತಾಗುವುದಿಲ್ಲ.

ಅಕ್ಷರವನ್ನು ನೋಡಿ ಬರೆಯುವಾಗ ಕಣ್ಣು ಆಕಾರವನ್ನೂ ಅದರ ತಿರುವುಗಳನ್ನೂ ಗುರುತಿಸಬೇಕು, ಮನಸ್ಸು ಅದನ್ನು ಹಿಡಿದಿಟ್ಟುಕೊಳ್ಳಬೇಕು, ಕೈ ಅದರಂತೆ ಚಲಿಸಬೇಕು, ಕೈ ತಪ್ಪಿದಲ್ಲಿ ಕಣ್ಣೇ ಅದನ್ನು ತಿದ್ದಬೇಕು. ನಿಮ್ಮ ಮಗನಂಥ ಅನೇಕ ಮಕ್ಕಳಲ್ಲಿ ಕಣ್ಣು ಕೈಗಳ ಈ ಹೊಂದಾಣಿಕೆ ನಿಧಾನವಾಗಿ ಬೆಳೆಯುತ್ತದೆ. ಗುಂಡಿ ಹಾಕಲು ಆಗದಿರುವುದೂ ಬಹುಶಃ ಇದರಿಂದಲೇ. ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಸಾಮಾನ್ಯವಾಗಿ ಮಕ್ಕಳು ಸುಮಾರು 3 ವರ್ಷಕ್ಕೆ ವೃತ್ತವನ್ನು, 4ಕ್ಕೆ ಕೂಡಿಸುವ ಚಿಹ್ನೆಯನ್ನು, 5ರ ಹೊತ್ತಿಗೆ ಚೌಕ, ತ್ರಿಕೋನಗಳನ್ನು ನೋಡಿ ಬರೆಯುತ್ತಾರೆ. ಇವುಗಳಲ್ಲಿ ನಿಮ್ಮ ಮಗ ಯಾವುದನ್ನು ಬರೆಯಬಲ್ಲನೆಂದು ನೋಡಿ, ಅಲ್ಲಿಂದಲೇ ಆರಂಭಿಸಬೇಕು; ವಯಸ್ಸು 9 ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಅಕ್ಷರಗಳೆಲ್ಲ ಬಳುಕುವ ಗೆರೆಗಳು. ವೃತ್ತವೇ ಕೂಡದ ಕೈಗೆ 'ಅ' ಬರೆಯೆಂದರೆ ಅಳು ಬಾರದಿರುತ್ತದೆಯೇ? 1995ರಲ್ಲಿ ನಿಮ್ಮ ನೆರೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ, ಸರ್ಕಾರಿ ಶಾಲೆಗಳ ನಲಿ-ಕಲಿ ಎಂಬ ಕಲಿಕಾ ಪದ್ಧತಿಯೂ 'ರ, ಗ, ಸ, ದ' ಎಂದು ಸರಳ ಅಕ್ಷರಗಳಿಂದಲೇ ಹೊರಡುತ್ತದೆ.

ಆದರೆ ಎಲ್ಲಕ್ಕಿಂತ ಮೊದಲು ಕಣ್ಣಿನ ತಪಾಸಣೆ ಮಾಡಿಸಿ. ದೃಷ್ಟಿದೋಷ, ಮೆಳ್ಳೆಗಣ್ಣು ಈ ಮಕ್ಕಳಲ್ಲಿ ಹೆಚ್ಚು. ಕಾಣುತ್ತಿಲ್ಲವೆಂದು ಅವರಾಗಿ ದೂರುವುದು ಅಪರೂಪ. ಬಳಿಕ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಿರಿ. ಅಲ್ಲಿ ಮನಶ್ಶಾಸ್ತ್ರಜ್ಞರೂ ವಿಶೇಷ ಶಿಕ್ಷಣ ತಜ್ಞರೂ ಇದ್ದಾರೆ. ಬರೆಯುವುದು, ಗುಂಡಿ ಹಾಕುವುದು ಮುಂತಾದ ನಿತ್ಯದ ಕೆಲಸಗಳಿಗೆ ಕೈಯನ್ನು ಪಳಗಿಸುವ ಆಕ್ಯುಪೇಷನಲ್ ಥೆರಪಿಯ ಬಗ್ಗೆಯೂ ಅಲ್ಲಿಯೇ ವಿಚಾರಿಸಿ.

ಸಂಜೆಯ ಹೊತ್ತನ್ನು ಅವನ ಅಜ್ಜಿಗೆ ಬಿಟ್ಟುಕೊಡಿ ಎಂದರೆ ನಿಮಗೆ ಅಚ್ಚರಿಯಾದೀತು. ಅವರೆಕಾಯಿ ಸುಲಿಯುವುದು, ಹೂವನ್ನು ಒಂದೊಂದಾಗಿ ಎತ್ತಿ ಬುಟ್ಟಿಗೆ ಹಾಕುವುದು, ರಂಗೋಲಿಯ ಎರಡು ಚುಕ್ಕಿಗಳನ್ನು ಸೇರಿಸುವುದು, ಇವನ್ನು ಅವರು ಜೊತೆಯಲ್ಲಿ ಕುಳಿತು ಮಾಡಿಸಲಿ. ಮೊಮ್ಮಗನ ಕೈ ಎಲ್ಲಿ ತಡವರಿಸುತ್ತದೆಂಬುದು ಆಗ ಅವರ ಕಣ್ಣಿಗೇ ಬೀಳುತ್ತದೆ; ನಿಮ್ಮ ವಾದಕ್ಕಿಂತ ಅದು ಹೆಚ್ಚು ಕೆಲಸ ಮಾಡೀತು. ಗುಂಡಿಯ ವಿಷಯದಲ್ಲಿ, ಅದನ್ನು ಕಾಜಾದೊಳಗೆ ಅರ್ಧ ತೂರಿಸಿ ಕೊಟ್ಟು, ಹೊರಗೆ ಎಳೆಯುವುದನ್ನಷ್ಟೇ ಅವನಿಗೆ ಬಿಡಿ. ಅದು ಸಲೀಸಾದ ಮೇಲೆ ಅದರ ಹಿಂದಿನ ಹೆಜ್ಜೆಗಳನ್ನೂ ಒಂದೊಂದಾಗಿ ಅವನಿಗೇ ಬಿಡುತ್ತ ಬನ್ನಿ. ಹತ್ತು ನಿಮಿಷ ಸಾಕು, ಬೇಸರಿಸಿದರೆ ಬಿಟ್ಟುಬಿಡಿ.

ಶಾಲೆಯಲ್ಲಿ ಉತ್ತರಗಳನ್ನು ಬಾಯಿಮಾತಿನಲ್ಲಿ ಕೇಳುವಂತೆ ಶಿಕ್ಷಕರನ್ನು ವಿನಂತಿಸಿ. ಇದು ದಾಕ್ಷಿಣ್ಯಕ್ಕೆ ಕೇಳುವ ಉಪಕಾರವಲ್ಲ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಪಠ್ಯದಲ್ಲಿಯೂ ಪರೀಕ್ಷೆಯಲ್ಲಿಯೂ ಸೂಕ್ತ ಮಾರ್ಪಾಡು, ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕರು ಇವನ್ನೆಲ್ಲ ಹೇಳುತ್ತದೆ. ವಾಕ್ ಶ್ರವಣ ಸಂಸ್ಥೆಯ ತಪಾಸಣಾ ವರದಿಯ ಒಂದು ಪ್ರತಿಯನ್ನು ಅರ್ಜಿಯೊಡನೆ ಮುಖ್ಯೋಪಾಧ್ಯಾಯರಿಗೆ ಬರಹದಲ್ಲಿಯೇ ಸಲ್ಲಿಸಿ.