ಅಪಲೇಚಿಯನ್ ಟ್ರೇಲ್‌ನಲ್ಲಿ ನಿಮಗೆ ಪ್ರಿಯವಾದ ಶಿಖರಗಳು ಯಾವುವು? ಒಂದು ವಾರದ ರಜೆಯಲ್ಲಿ ಅತಿ ಎತ್ತರದವುಗಳನ್ನೇ ಆರಿಸಿಕೊಳ್ಳಬೇಕೆ?

ಎತ್ತರದ ಪಟ್ಟಿ ಹಿಡಿದು ಹೊರಡುವ ಹಂಬಲ ನನಗೂ ಇತ್ತು. ಆ ಲೆಕ್ಕಾಚಾರವನ್ನು ನಾನೀಗ ಒಪ್ಪುವುದಿಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದಿಂದ ಮೇನ್‌ವರೆಗೆ ಸುಮಾರು 3,500 ಕಿ.ಮೀ. ಸಾಗುವ ಈ ಕಾಲುಹಾದಿಯಲ್ಲಿ ಎಲ್ಲಕ್ಕಿಂತ ಎತ್ತರದ್ದು 2,025 ಮೀಟರಿನ ಕುವೋಹಿ. 2024ರವರೆಗೆ ಅದನ್ನು ಕ್ಲಿಂಗ್‌ಮನ್ಸ್ ಡೋಮ್ ಎನ್ನುತ್ತಿದ್ದರು. ಅಲ್ಲಿ ನೆತ್ತಿಯ ಸಮೀಪದವರೆಗೂ ಕಾರು ಹೋಗುತ್ತದೆ, ಸುತ್ತ ಮರಗಳಿರುವುದರಿಂದ ದೂರದ ನೋಟ ಬೇಕೆಂದರೆ ಕಾಂಕ್ರೀಟಿನ ಗೋಪುರವನ್ನೇರಬೇಕು. ಅದಕ್ಕಿಂತ ಆರುನೂರು ಮೀಟರ್ ತಗ್ಗಿನಲ್ಲಿರುವ ಮ್ಯಾಕ್ಸ್ ಪ್ಯಾಚ್‌ನ ಹುಲ್ಲುನೆತ್ತಿಯಲ್ಲಿ ನಿಂತರೆ ಕುದುರೆಮುಖದ ಬೋಳುಗುಡ್ಡದ ಮೇಲೆ ನಿಂತಂತೆ ಎಂಟು ದಿಕ್ಕೂ ತೆರೆದುಕೊಳ್ಳುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ನ್ಯೂ ಹ್ಯಾಂಪ್‌ಶೈರ್‌ನ ಮೌಂಟ್ ಲಫಾಯೆಟ್. ಲಿಟಲ್ ಹೇಸ್ಟ್ಯಾಕ್ ಶಿಖರದಿಂದ ಮೌಂಟ್ ಲಿಂಕನ್ ದಾಟಿ ಅಲ್ಲಿಗೆ ಹೋಗುವ ಫ್ರಾಂಕೋನಿಯಾ ಏಣು, ಅಂದರೆ ಬೆಟ್ಟಸಾಲಿನ ಉದ್ದನೆಯ ಬೆನ್ನು, ಪೂರ್ತಿ ಮರಗಳು ಬೆಳೆಯುವ ಎತ್ತರದ ಗಡಿಗಿಂತ ಮೇಲಿದ್ದು, ಎರಡೂ ಕಡೆಯ ಕಣಿವೆಗಳು ಒಟ್ಟಿಗೇ ಕಾಣುತ್ತವೆ.

ಮಲೆನಾಡಿನ ಗುಡ್ಡಗಳಲ್ಲೇ ಬೆಳೆದ ನನ್ನ ತಂದೆಯವರು ಇಲ್ಲಿಗೆ ಬಂದಿದ್ದಾಗ ಅವರನ್ನು ಅದೇ ಫ್ರಾಂಕೋನಿಯಾ ಬೆಟ್ಟಸಾಲಿಗೆ ಕರೆದೊಯ್ದೆ. ಹಿಂದಿನ ರಾತ್ರಿ ನಾನು ಫೋನಿನಲ್ಲಿ ನೋಡಿದ್ದು ಕೆಳಗಿನ ಪಟ್ಟಣದ ಹವಾಮಾನ. ಬಿಸಿಲು ಎಂದಿತ್ತು, ಪಟ್ಟಣದ ಮಟ್ಟಿಗೆ ಅದು ನಿಜವೂ ಆಗಿತ್ತು. ಶಿಖರ ಇರುವುದು 1,600 ಮೀಟರಿನಲ್ಲಿ, ಅಂದರೆ ಪಟ್ಟಣಕ್ಕಿಂತ ಸಾವಿರ ಮೀಟರಿಗೂ ಮೇಲೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಿಸುಮಾರು ಆರೇಳು ಡಿಗ್ರಿ ಇಳಿಯುತ್ತದೆ ಎಂಬುದು ನನಗೆ ಗೊತ್ತಿತ್ತು. ಗಾಳಿಯನ್ನು ಮಾತ್ರ ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕಾಡಿನೊಳಗೆ ಹತ್ತುವಾಗ ಮರಗಳು ಗಾಳಿಯನ್ನು ತಡೆಯುತ್ತವೆ, ಮೈ ಬೆವರುತ್ತದೆ, ಹತ್ತಿಯ ಅಂಗಿ ಆ ಬೆವರನ್ನು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ. ಮರ ಮುಗಿದ ಕೂಡಲೇ ಅದೇ ಒದ್ದೆ ಬಟ್ಟೆಯ ಮೇಲೆ ಗಾಳಿ ಬೀಸಿ ಮೈಯ ಶಾಖವನ್ನೆಲ್ಲ ಕಸಿದುಬಿಡುತ್ತದೆ. ಲಿಟಲ್ ಹೇಸ್ಟ್ಯಾಕ್ ತಲುಪುವಷ್ಟರಲ್ಲಿ ಮೋಡ ಕವಿದು ದಾರಿ ತೋರುವ ಮುಂದಿನ ಕಲ್ಲುಗುಪ್ಪೆಯೂ ಕಾಣದಂತಾಗಿತ್ತು. ಅಪ್ಪನವರ ಬೆರಳುಗಳು ಸ್ವೆಟರಿನ ಗುಂಡಿಯನ್ನು ಹಿಡಿಯುತ್ತಿದ್ದವು, ಕಾಜದೊಳಗೆ ತೂರಿಸಲು ಆಗುತ್ತಿರಲಿಲ್ಲ. ನಾನೇ ಗುಂಡಿ ಹಾಕಿ, ಒದ್ದೆ ಬಂಡೆಗಳ ಮೇಲೆ ಕೈಹಿಡಿದು ಅವರನ್ನು ಇಳಿಸಿಕೊಂಡು ಬಂದೆ. ಲಫಾಯೆಟ್ ನೋಡದೆಯೇ ಅವರು ಊರಿಗೆ ಮರಳಿದರು, ಮತ್ತೆ ಬರಲು ಅವರಿಗೆ ಆಗಲಿಲ್ಲ.

ಆದ್ದರಿಂದ ಒಂದು ವಾರವನ್ನು ಜಾರ್ಜಿಯಾದಿಂದ ಮೇನ್‌ವರೆಗೆ ಹಂಚಬೇಡಿ. ಲಫಾಯೆಟ್ ಇರುವ ವೈಟ್ ಮೌಂಟನ್ಸ್ ಪರ್ವತಸಾಲಿನಲ್ಲೇ ಉಳಿದುಕೊಳ್ಳಿ. ಅಲ್ಲಿನ ಮೌಂಟ್ ವಾಷಿಂಗ್ಟನ್ ಹವಾಮಾನ ವೀಕ್ಷಣಾಲಯವು ಎತ್ತರದ ಶಿಖರಗಳಿಗೆಂದೇ ಪ್ರತ್ಯೇಕವಾಗಿ ಕೊಡುವ ಮುನ್ಸೂಚನೆಯನ್ನು ಹೊರಡುವ ದಿನ ಬೆಳಿಗ್ಗೆ ಓದಿ, ಅದರಲ್ಲಿ ಉಷ್ಣಾಂಶಕ್ಕಿಂತ ಮೊದಲು ಗಾಳಿಯ ವೇಗವನ್ನು ನೋಡಿ. ಲಫಾಯೆಟ್‌ಗೆಂದು ಎರಡು ದಿನ ಮೀಸಲಿಡಿ. ಮೊದಲ ದಿನ ಗಾಳಿ ಜೋರಾಗಿದ್ದರೆ ಕಣಿವೆಯ ಆಚೆ ಬದಿಯ ಲೋನ್‌ಸಮ್ ಸರೋವರಕ್ಕೆ ಹೋಗಿ. ಟ್ರೇಲ್ ಅಲ್ಲಿಯೂ ಹಾಯುತ್ತದೆ, ಮೋಡ ಸರಿದರೆ ಫ್ರಾಂಕೋನಿಯಾ ಏಣು ಅಲ್ಲಿಂದ ಎದುರಿಗೇ ಕಾಣುತ್ತದೆ.