ಒಂದೊಂದೇ ಗ್ಲಾಸ್ ವೈನ್ ಮನೆಗೆ ಬರುತ್ತಂತೆ!

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದೀವಿ ಮೇಡಂ, ಇಬ್ರೇ. ವೈನ್ ಬಾಟಲ್ ಓಪನ್ ಮಾಡಿದ್ರೆ ಅರ್ಧ ಸಿಂಕಿಗೇ ಹೋಗುತ್ತೆ. ತಿಂಗಳಿಗೆ ಮೂರು ಗ್ಲಾಸ್ ಸ್ಯಾಂಪಲ್ ಕಳಿಸೋ ಸಬ್‌ಸ್ಕ್ರಿಪ್ಷನ್ ತಗೋಬಹುದಾ?

ಉತ್ತರ: ರುಚಿ ನೋಡಿ ಕಲಿಯೋಕೆ ತಗೊಳ್ಳಿ, ಉಳಿತಾಯಕ್ಕೆ ಅಂತ ಮಾತ್ರ ಬೇಡ. ಲೆಕ್ಕ ಹಾಕಿ ನೋಡಿ, ಬಾಟಲಲ್ಲಿರೋದು 750 ಮಿ.ಲೀ., ಅಂದ್ರೆ 150 ಮಿ.ಲೀ.ನ ಐದು ಗ್ಲಾಸ್, ಈ ಸ್ಯಾಂಪಲ್ ಬರೋ ಸಣ್ಣ ಟ್ಯೂಬ್‌ಗಳಲ್ಲಿ ಸಾಮಾನ್ಯವಾಗಿ 100 ಮಿ.ಲೀ. ಇರುತ್ತೆ, ಮೂರೂ ಸೇರಿಸಿದ್ರೂ ಅರ್ಧ ಬಾಟಲ್ ಆಗಲ್ಲ, ದುಡ್ಡು ಮಾತ್ರ ಒಳ್ಳೆ ಬಾಟಲಿಂದೇ ಇರಬಹುದು.

ಆದ್ರೆ ನಿಮಗೆ ಪಿನೋ ನ್ವಾರ್ ಇಷ್ಟಾನಾ ಮಾಲ್ಬೆಕ್ ಇಷ್ಟಾನಾ (ಎರಡೂ ಕೆಂಪು ವೈನೇ) ಅಂತ ಗೊತ್ತಿಲ್ದೆ ಬಾಟಲ್ ಬಾಟಲ್ ತಂದು ಚೆಲ್ಲೋದಕ್ಕಿಂತ ಇದು ವಾಸಿ. ವೈನ್ ಕೆಡೋದು ಗಾಳೀಲಿರೋ ಆಕ್ಸಿಜನ್‌ನಿಂದ, ಅದಕ್ಕೇ ಗಾಳಿ ಸೋಕದ ಹಾಗೆ ಟ್ಯೂಬಿಗೆ ತುಂಬಿಸ್ತಾರೆ, ಆದ್ರೂ ಇದನ್ನ ಉಪ್ಪಿನಕಾಯಿ ಥರ ವರ್ಷಗಟ್ಲೆ ಇಡ್ಬೇಡಿ, ಬಂದ ಕೆಲವು ತಿಂಗಳಲ್ಲೇ ಮುಗಿಸಿ.

ಡೆಲಿವರಿ ಟೈಮಲ್ಲಿ 21 ದಾಟಿದವರು ಮನೇಲಿದ್ದು ಸೈನ್ ಹಾಕ್ಬೇಕು, ಬಾಗಿಲ ಹತ್ರ ಇಟ್ಟು ಹೋಗಲ್ಲ. ಇಬ್ರೂ ಆಫೀಸಿಗೆ ಹೋಗೋರಾದ್ರೆ ಬಾಕ್ಸು ವಾಪಸ್ ಹೋಗಿ ಬೇಸಿಗೇಲಿ ಟ್ರಕ್ಕಲ್ಲೇ ಬೇಯುತ್ತೆ! ಬೇರೆ ಸ್ಟೇಟಲ್ಲಿರೋ ಫ್ರೆಂಡ್‌ಗೆ ಗಿಫ್ಟ್ ಮಾಡೋ ಹಾಗಿದ್ರೆ ಅಲ್ಲಿನ ರೂಲ್ಸ್ ಮೊದ್ಲು ನೋಡಿ, ಯೂಟಾದಂಥ ಕಡೆ ಮನೆ ಬಾಗಿಲಿಗೆ ವೈನ್ ಬರೋ ಹಾಗೇ ಇಲ್ಲ.

ಅಂದ ಹಾಗೆ, ಉಳಿದ ಅರ್ಧ ಬಾಟಲನ್ನ ಸಿಂಕಿಗೆ ಯಾಕೆ ಸುರೀತೀರಾ? ಬಿರಡೆ ಹಾಕಿ ಫ್ರಿಜ್ಜಲ್ಲಿಡಿ, ಮೂರು ದಿನ ಏನೂ ಆಗಲ್ಲ.